ಅಳತೆ ಅಂಗಿ

ನಮ್ಮ ಮನೆಯ ಸರದಿಗೆ ಇನ್ನು ಹನ್ನೊಂದೇ ದಿನ ಉಳಿದಿದ್ದಾಗ ನಾನು ರೈಫಲ್ ಕೊಳ್ಳಲು ಹೊರಟೆ. ಬುದ್ಧಿಯಿರುವವರು ಎರಡು ತಿಂಗಳು ಮೊದಲೇ ಹೋಗಿ, ನಾಲ್ಕಾರು ರೈಫಲ್ ಎತ್ತಿ ನೋಡಿ, ಮನೆಗೆ ಬಂದು ಯೋಚಿಸಿ, ಮತ್ತೆ ಹೋಗಿ ಚೌಕಾಸಿ ಮಾಡಿ ತರುತ್ತಾರೆ. ನಾನೇನೂ ಬುದ್ಧಿಗೇಡಿಯಲ್ಲ. ನಮ್ಮ ಹಳೆಯ ರೈಫಲ್ ಮುರಿದದ್ದೇ ಅದರ ಹಿಂದಿನ ದಿನ.

ನಮ್ಮೂರಿನಲ್ಲಿ ಮಧ್ಯಾಹ್ನಕ್ಕೆ ಹೊತ್ತು ನಿಲ್ಲುತ್ತದೆ. ನೆರಳು ಬಂದು ಕಾಲಡಿಯಲ್ಲಿ ಸೇರಿಕೊಂಡರೆ ಅಲ್ಲಿಂದ ಕದಲುವುದಿಲ್ಲ. ಕೆರೆಯ ಆಚೆ ದಡದ ಬಂಡೆಗೆ ಒಂದು ಜಾಗಟೆ ತೂಗುಹಾಕಿದ್ದಾರೆ. ಈಚೆ ಏರಿಯ ಮೇಲೆ ನಿಂತು ಗುಂಡು ಹೊಡೆದು ಅದನ್ನು ಢಣ್ ಎನ್ನಿಸಬೇಕು. ಆಮೇಲೆ ನೆರಳು ಸರಿಯುತ್ತದೆ, ಹೆಂಗಸರು ಕಾಳು ಹರವಿದ ಚಾಪೆ ಮಡಿಸುತ್ತಾರೆ, ಶಾಲೆಯ ಗಂಟೆ ಹೊಡೆಯುತ್ತದೆ. ದಿನಕ್ಕೊಂದು ಮನೆಯ ಸರದಿ, ಸರದಿಗೆ ಮೂರು ತೋಟಾ. ಇನ್ನೂರ ಹದಿನಾಲ್ಕು ಮನೆಗಳಿರುವುದರಿಂದ ಒಮ್ಮೆ ಹೊಡೆದರೆ ಏಳು ತಿಂಗಳು ನೆಮ್ಮದಿ. ಮೂರೂ ಗುಂಡು ತಪ್ಪಿದರೆ ಅವತ್ತಿನ ಹೊತ್ತನ್ನು ಮುಂದಿನ ಸರದಿಯವರು ನೂಕುತ್ತಾರೆ. ತಪ್ಪಿದ ಮನೆಯವರು ಬರುವ ಅಮಾವಾಸ್ಯೆಯೊಳಗೆ ಗಂಟುಮೂಟೆ ಕಟ್ಟಿಕೊಂಡು ಗುಡ್ಡದ ಆಚೆ ಹೋಗಬೇಕು. ಹೋದ ವರ್ಷ ಗಾಣದ ಮನೆಯವರು ಹಾಗೆ ಹೋದರು. ಅವರ ಎಮ್ಮೆ ಮಾತ್ರ ಮೂರು ದಿನ ಗುಡ್ಡ ಹತ್ತಿಳಿದು ಬಂದು ಹಳೆಯ ಕೊಟ್ಟಿಗೆಯ ಮುಂದೆ ನಿಲ್ಲುತ್ತಿತ್ತು. ಗುಡ್ಡದ ಆಚೆ ಹೊತ್ತು ತನ್ನಷ್ಟಕ್ಕೆ ತಾನೇ ಸರಿಯುತ್ತದಂತೆ. ಯಾರೂ ಏನೂ ಮಾಡದೆ ಸಂಜೆಯಾಗುವ ಕಡೆ ಜನ ಹೇಗೆ ಬದುಕುತ್ತಾರೋ!

ರೈಫಲ್ ಮುರಿದದ್ದು ಹೀಗೆ. ನಮ್ಮವರು ಅದನ್ನು ಒರೆಸಲೆಂದು ಗೂಟದಿಂದ ಇಳಿಸುತ್ತಿದ್ದರು. ಕೈ ಜಾರಿ ಒರಳುಕಲ್ಲಿನ ಮೇಲೆ ಬಿತ್ತು. ಮರದ ಹಿಡಿ ಎರಡು ಸೀಳಾಯಿತು, ನಳಿಗೆ ಸೊಟ್ಟಗಾಯಿತು. ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ.

"ಗೂಟ ಸಡ್ಲ ಆಗಿತ್ತು ಕಣೆ" ಎಂದರು.

"ಹೌದು, ನಾನೂ ಹೋದ್ವಾರ ನೋಡಿದ್ದೆ" ಎಂದೆ.

ಗೂಟ ಕಲ್ಲಿನಲ್ಲಿ ಬೆಳೆದಷ್ಟು ಗಟ್ಟಿಯಾಗಿತ್ತು. ಸಡಿಲವಾಗಿದ್ದುದು ಅವರ ಬಲಗೈ. ನಡುಕ ಶುರುವಾಗಿ ವರ್ಷಕ್ಕೆ ಹತ್ತಿರವಾಗಿತ್ತು. ಕಳೆದ ಸರದಿಯಲ್ಲಿ ಮೂರನೆಯ ಗುಂಡು ಹೇಗೋ ಜಾಗಟೆಯ ಅಂಚು ಸವರಿ ನಮ್ಮನ್ನು ಉಳಿಸಿತ್ತು. ಅಂದಿನಿಂದ ಅವರು ಕಾಫಿ ಲೋಟ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ನನಗೆ ಬೆನ್ನು ಹಾಕಿ ಕೂತು ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಬಿಸಿಲು ಕಾಯಿಸಿಕೊಳ್ಳುತ್ತೇನೆ ಎನ್ನುತ್ತಿದ್ದರು. ನಾನು ಲೋಟಕ್ಕೆ ಅರ್ಧವೇ ಹಾಕುತ್ತಿದ್ದೆ. ಡಿಕಾಕ್ಷನ್ ಸಾಲಲಿಲ್ಲ ಎನ್ನುತ್ತಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾವು ಒಬ್ಬರಿಗೊಬ್ಬರು ಹೇಳಿದ ಸುಳ್ಳುಗಳನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ವರ್ಷದಷ್ಟು ಆಗಲಾರದು.

ಊರಿನಲ್ಲಿ ರೈಫಲ್ ಮಾಡುವವನು ಮೌನಾಚಾರಿ ಒಬ್ಬನೇ. ಹೆಸರಿಗೂ ಬಾಯಿಗೂ ಸಂಬಂಧವಿಲ್ಲದ ಮನುಷ್ಯ, ಮಾತು ನಿಲ್ಲಿಸುವುದು ಬಾಯಲ್ಲಿ ಮೊಳೆ ಕಚ್ಚಿಕೊಂಡಾಗ ಮಾತ್ರ. ಅವನ ಅಂಗಡಿಗೆ ನಮ್ಮವರು ಕಾಲಿಡುವಂತಿರಲಿಲ್ಲ. ಕೊಳ್ಳಲು ಬಂದವರ ಭುಜಕ್ಕೆ ರೈಫಲ್ ಕೊಟ್ಟು, ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು, ಅವನು ಇಪ್ಪತ್ತರವರೆಗೆ ಎಣಿಸುತ್ತಾನೆ. ನಾಣ್ಯ ಬಿದ್ದರೆ ಆ ಸುದ್ದಿ ಅದೇ ಸಂಜೆ ಊರೆಲ್ಲ ತಿರುಗಿರುತ್ತದೆ. ಹಾಗೆ ಬರಲಾಗದವರು ತಮ್ಮದೊಂದು ಅಂಗಿಯನ್ನು ಅಳತೆಗೆ ಕಳಿಸಬಹುದು. ದರ್ಜಿಗೆ ಕೊಡುವ ಹಾಗೆಯೇ. ಭುಜದ ಹೊಲಿಗೆಯಿಂದ ಮೊಣಕೈ ಮಡಿಕೆಯವರೆಗೆ ಅಳೆದು, ಆಚಾರಿ ಅದಕ್ಕೆ ತಕ್ಕಂತೆ ಹಿಡಿಯ ಮರ ಕೊರೆಯುತ್ತಾನೆ. ಅಂಗಿ ಅವನ ಹತ್ತಿರವೇ ಇರುತ್ತದೆ. ಸರದಿಯ ದಿನ ರೈಫಲ್ಲಿನ ಜೊತೆ ಅದನ್ನೂ ಏರಿಗೆ ತರುತ್ತಾನೆ, ಹೊಡೆಯುವವರು ಊರಿನ ಮುಂದೆ ಅದನ್ನು ಹಾಕಿಕೊಂಡೇ ಹೊಡೆಯಬೇಕು. ಅಂಗಿ ಯಾರದೋ ರೈಫಲ್ ಅವರದು, ಬೇರೆಯವರು ಮುಟ್ಟುವಂತಿಲ್ಲ. ಅದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು.

ಹೆಂಗಸರು ಹೊಡೆಯಬಾರದೆಂದೇನೂ ಇಲ್ಲ. ಗಂಡ ಸತ್ತವರು ಹೊಡೆಯುತ್ತಾರೆ, ಚೆನ್ನಾಗಿಯೇ ಹೊಡೆಯುತ್ತಾರೆ. ಆದರೆ ಗಂಡಸು ಮನೆಯಲ್ಲಿದ್ದೂ ಹೆಂಡತಿ ಏರಿ ಹತ್ತಿದರೆ ಆ ಗಂಡಸಿನ ಕಥೆ ಮುಗಿಯಿತೆಂದು ಊರು ಲೆಕ್ಕ ಹಾಕುತ್ತದೆ. ನಮ್ಮದು ಸುಣ್ಣದ ವ್ಯಾಪಾರ. ಸುಟ್ಟ ಕಲ್ಲನ್ನು ಗುಂಡಿಗೆ ಹಾಕಿ, ನೀರು ಬಿಟ್ಟು, ಕೊತಕೊತ ಕುದಿಯುವಾಗ ಉದ್ದದ ಕೋಲಿನಿಂದ ತಿರುವುವುದು ನನ್ನ ಕೆಲಸ. ತೂಗಿ ಮಾರುವುದು ಅವರದು. ತಕ್ಕಡಿ ಹಿಡಿಯುವವನ ಕೈ ನಡುಗುತ್ತದೆ ಎಂದು ಗೊತ್ತಾದರೆ ಸುಣ್ಣ ಕೊಳ್ಳುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಅವರು ಹೇಗೆ ತಲೆಯೆತ್ತಿ ಓಡಾಡುತ್ತಾರೆ? ನನಗೆ ಅದೇ ಚಿಂತೆ.

ಹಿಂದಿನ ದಿನವಷ್ಟೇ ಒಗೆದು ಹಗ್ಗದ ಮೇಲೆ ಹಾಕಿದ್ದ ನೀಲಿ ಅಂಗಿಗಳಲ್ಲಿ ಒಂದನ್ನು ಎಳೆದು ಸೆರಗಿನಡಿ ಇಟ್ಟುಕೊಂಡು ಅಂಗಡಿಗೆ ಹೋದೆ.

"ಏನ್ ಪುಟ್ಟೀರಕ್ಕ, ನೀವೇ ಬಂದ್ಬುಟ್ರಿ? ಮರಿಸಿದ್ದಯ್ಯನೋರು?" ಎಂದ ಮೌನಾಚಾರಿ.

"ಕಾಲು ಉಳುಕೈತೆ. ನಡೆಯಕ್ಕಾಗಲ್ಲ."

"ಯಾವ ಕಾಲು?"

"ಎಡದ್ದು" ಎಂದೆ. ಆಮೇಲೆ ಮನೆಗೆ ಹೋಗಿ, ಆಚಾರಿಯ ಹರಟೆಯಿಂದ ತಪ್ಪಿಸಲು ಹಾಗೆ ಹೇಳಿದೆ ಎಂದು ನೆಪ ಕೊಟ್ಟು, ಅವರಿಗೆ ಎಡಗಾಲು ಕುಂಟಲು ಹೇಳಬೇಕಾಯಿತು.

ಆಚಾರಿ ಗೋಡೆಯಿಂದ ಮೂರು ರೈಫಲ್ ಇಳಿಸಿ ಚಾಪೆಯ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ಉದ್ದ ನಳಿಗೆಯದು, ಹೊಚ್ಚ ಹೊಸದು. ಭಾರ ಇರುವುದರಿಂದ ಗುರಿ ಅಲುಗುವುದಿಲ್ಲ, ಆದರೆ ಭುಜಕ್ಕೆ ಒದ್ದರೆ ಎರಡು ದಿನ ತೋಳು ಎತ್ತಲಾಗದು. ಬೆಲೆ ಕೇಳಿ ನಾನು ಅದರ ಕಡೆ ನೋಡುವುದನ್ನೇ ಬಿಟ್ಟೆ. ಎರಡನೆಯದು ಗಿಡ್ಡ. ಹಗುರ, ಅಗ್ಗ, ಒದೆತವಿಲ್ಲ. "ಆದ್ರೆ ಕೆರೆ ಮೇಲೆ ಗಾಳಿ ಬೀಸ್ತು ಅಂದ್ರೆ ಇದರ ಗುಂಡು ಜಾಗಟೆ ಬಿಟ್ಟು ಪಕ್ಕದ ಹೊಲಕ್ಕೆ ಹೋಯ್ತದೆ. ಸುಳ್ಳು ಹೇಳಿ ಮಾರಾಕಿಲ್ಲ ನಾನು" ಎಂದ. ಮೂರನೆಯದಕ್ಕೆ ಹಿಡಿಯೇ ಇರಲಿಲ್ಲ. ಬರೀ ನಳಿಗೆ, ಯಾರೋ ಬಳಸಿ ಬಿಟ್ಟದ್ದು.

"ಇದನ್ನ ತಗಳಿ ಅಂತೀನಿ. ನಳಿಗೆ ಹಳೇದು, ಆದ್ರೆ ಒಳಗೆ ಸವೆದಿಲ್ಲ. ನಿಮ್ಮ ದುಡ್ಡನ್ನ ಮರಕ್ಕೆ ಹಾಕಿ. ಕಬ್ಬಿಣ ಯಾವತ್ತೂ ನೆಟ್ಟಗೇ ಇರ್ತದೆ ಕಣಕ್ಕ, ಹಿಡಿಯೋ ಮನುಷ್ಯ ಇರಲ್ಲ. ಅವನ ಭುಜಕ್ಕೆ ಮರ ಸರಿಯಾಗಿ ಕೂತ್ರೆ ಅರ್ಧ ಗುರಿ ಅದೇ ನೋಡ್ಕೊಳ್ತದೆ."

ಅರ್ಧ ಗುರಿ ಮರವೇ ನೋಡಿಕೊಳ್ಳುತ್ತದೆ ಎಂದದ್ದು ನನಗೆ ದೇವರು ವರ ಕೊಟ್ಟ ಹಾಗೆ ಕೇಳಿಸಿತು. ಉಳಿದರ್ಧವನ್ನು ಹೇಗೋ ನೋಡಿಕೊಳ್ಳಬಹುದು. ಬಿಳಿ ಮರಳು ತುಂಬಿದ ಗಡಿಗೆಯಲ್ಲಿ ಹೂತಿಟ್ಟಿದ್ದ ಎರಡು ಸಾವಿರದ ನಾನೂರು ರೂಪಾಯಿಗೆ ಒಪ್ಪಿಸಿ, ಅಂಗಿ ಕೊಟ್ಟೆ. ಆಚಾರಿ ಅದನ್ನು ಹಲಗೆಯ ಮೇಲೆ ಹರವಿ ದಾರ ಹಿಡಿದ.

"ಕೈ ಸ್ವಲ್ಪ ಗಿಡ್ಡ ಆಯ್ತಲ್ಲ ಯಜಮಾನ್ರದು? ಹಿಂದಿನ ರೈಫಲ್ ಮಾಡ್ದಾಗ ಎರಡು ಬೆಟ್ಟು ಉದ್ದ ಇತ್ತಪ್ಪ."

ಇತ್ತೀಚೆಗೆ ಅವರು ಬಡವಾಗಿದ್ದರು, ಕುರ್ಚಿಯಲ್ಲಿ ಕೂತರೆ ಕುರ್ಚಿಯೇ ಹೆಚ್ಚು ಕಾಣುತ್ತಿತ್ತು. ಮನುಷ್ಯ ಇಷ್ಟು ಇಳಿದುಹೋದನೇ, ಕೈಯೂ ಸೇದಿಹೋಯಿತೇ ಎಂದು ಸಂಕಟವಾಯಿತು.

"ವಯಸ್ಸಾಯ್ತಲ್ಲ ಆಚಾರೀ" ಎಂದಷ್ಟೇ ಹೇಳಿದೆ. ಅವನು ನನ್ನನ್ನೂ ಅಂಗಿಯನ್ನೂ ಒಂದು ಸಲ ನೋಡಿ ಮೊಳೆ ಬಾಯಿಗೆ ಹಾಕಿಕೊಂಡ.

ಆ ವಾರವೆಲ್ಲ ನಮ್ಮ ಸುಣ್ಣದ ಗೂಡು ಉರಿಯುತ್ತಿತ್ತು. ಕಲ್ಲು ಬೇಯುವ ವಾರ ನನಗೆ ತಿರುವುವ ಕೆಲಸವಿಲ್ಲ. ನಮ್ಮವರು ಎಡಗಾಲು ಕುಂಟಿಕೊಂಡು ಹಿತ್ತಿಲಿಗೆ ಹೋಗಿ, ಒಂದು ಬಿದಿರು ಗಳುವನ್ನು ಭುಜಕ್ಕೆ ಕೊಟ್ಟು ಗೋಡೆಯ ಮೇಲಿನ ಸಗಣಿ ಚುಕ್ಕೆಗೆ ಗುರಿ ಹಿಡಿಯುತ್ತಿದ್ದರು. ಗಳುವಿನ ತುದಿ ಗಾಳಿಗೆ ಸಿಕ್ಕಿದ ಜೋಳದ ತೆನೆಯಂತೆ ಆಡುತ್ತಿತ್ತು. ನಾನು ಒಳಗೆ ಪಾತ್ರೆ ಕುಕ್ಕಿ ಸದ್ದು ಮಾಡಿದರೆ ಸಾಕು, ತಕ್ಷಣ ಗಳು ಇಳಿಸಿ, ಬಟ್ಟೆ ಹಗ್ಗಕ್ಕೆ ಊರುಗೋಲು ಕೊಡುವವರಂತೆ ನಟಿಸುತ್ತಿದ್ದರು. ಬರಬರುತ್ತ ನಾನು ಹಿತ್ತಿಲಿಗೆ ಹೋಗುವ ಮುಂಚೆ ಬೇಕೆಂದೇ ಪಾತ್ರೆ ಕುಕ್ಕತೊಡಗಿದೆ. ಅಮಾವಾಸ್ಯೆಗೆ ಎಷ್ಟು ದಿನ ಎಂದು ಬೆರಳು ಮಡಿಸುತ್ತಿದ್ದೆ, ಯಾವ ಪಾತ್ರೆ ಒಯ್ಯುವುದು, ಯಾವುದನ್ನು ಬಿಡುವುದು ಎಂದು ಕಪಾಟಿನ ಮುಂದೆ ನಿಂತು ಯೋಚಿಸುತ್ತಿದ್ದೆ.

ಸರದಿಗೆ ನಾಲ್ಕು ದಿನ ಇರುವಾಗ ಗೂಡು ಆರಿತು. ಬೆಳಿಗ್ಗೆ ಗುಂಡಿಗೆ ನೀರು ಬಿಡುವ ಮೊದಲು ಕೆಲಸದ ಅಂಗಿ ಹಾಕಿಕೊಂಡೆ. ಸುಣ್ಣ ಸಿಡಿದರೆ ಮೈ ಸುಡುತ್ತದೆಂದು ನಮ್ಮ ಕಡೆ ಗೂಡಿನ ಹೆಂಗಸರೆಲ್ಲ ಗಂಡಂದಿರ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಳ್ಳುತ್ತಾರೆ. ಅಂಗಿಯ ತೋಳು ನನ್ನ ಬೆರಳುಗಳನ್ನೂ ನುಂಗಿ ಕೆಳಗೆ ಜೋತುಬಿತ್ತು. ನಾನು ತೋಳನ್ನು ತಿರುಗಿಸಿ ಒಳಗೆ ನೋಡಿದೆ. ನನ್ನ ಪಾಲಿಗೆ ಇಟ್ಟುಕೊಂಡ ಅಂಗಿಯ ತೋಳನ್ನು ನಾನೇ ಎರಡು ಬೆರಳಗಲ ಒಳಮಡಿಸಿ ಹೊಲಿದಿದ್ದೆ, ಭುಜಕ್ಕೂ ಒಂದು ಮಡಿಕೆ ಹಿಡಿದಿದ್ದೆ. ಇದರಲ್ಲಿ ಆ ಹೊಲಿಗೆ ಇರಲಿಲ್ಲ. ಇದು ಅವರ ಅಂಗಿ. ಅಳತೆಗೆ ಕೊಟ್ಟು ಬಂದದ್ದು ನನ್ನದು. ಒಂದೇ ತಾನಿನ ಬಟ್ಟೆಯಲ್ಲಿ ಅಗ್ಗವಾಗುತ್ತದೆಂದು ನಾಲ್ಕು ಅಂಗಿ ಹೊಲಿಸಿದ್ದರ ಫಲ.

ಗುಂಡಿಯನ್ನು ಹಾಗೆಯೇ ಬಿಟ್ಟು ಅಂಗಡಿಗೆ ಓಡಿದೆ. ಮೌನಾಚಾರಿ ಕೊರೆದ ಮರಕ್ಕೆ ಎಣ್ಣೆ ಕುಡಿಸುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿದ.

"ಒಳಗಡೆ ಮಡಿಕೆ ಹೊಲಿಗೆ ನೋಡ್ದಾಗ್ಲೇ ಅನುಮಾನ ಬಂತು. ನೀವು ವಯಸ್ಸಾಯ್ತು ಅಂದ್ರಿ, ಸುಮ್ಕಾದೆ. ನನ್ನ ಬಾಯಿಗೆ ಯಾವಾಗ್ಲೂ ಬೈತಾರಲ್ಲ, ಒಂದ್ಸಲ ಮುಚ್ಕೊಂಡಿದ್ದಕ್ಕೆ ಹಿಂಗಾಯ್ತು."

"ಇನ್ನೊಂದು ಮರ ಕೊರೀರಿ. ದುಡ್ಡು ಹೆಂಗಾದ್ರೂ ತರ್ತೀನಿ."

"ದುಡ್ಡಿನ ಮಾತಲ್ಲ. ಮರ ಎಣ್ಣೆ ಕುಡ್ಯಕ್ಕೆ ಹತ್ತು ದಿನ ಬೇಕು. ಹಸಿ ಮರ ಒದೆತಕ್ಕೆ ಸೀಳ್ತದೆ, ಮುಖಕ್ಕೇ ಬರ್ತದೆ. ಉದ್ದ ಇದ್ದಿದ್ರೆ ಗಿಡ್ಡ ಮಾಡ್ಬೋದಿತ್ತು, ಗಿಡ್ಡ ಆಗಿದ್ದನ್ನ ಏನ್ಮಾಡ್ಲಿ?" ಎಂದು ರೈಫಲ್ಲನ್ನು ನನ್ನ ಕೈಗೆ ಕೊಟ್ಟ. "ಎತ್ತಿ ನೋಡಣ."

ನಾನು ಎತ್ತಿದೆ. ಹಿಡಿ ಭುಜಕ್ಕೆ ಬಂದು, ಬಹಳ ದಿನದಿಂದ ಅಲ್ಲೇ ಇದ್ದದ್ದರ ಹಾಗೆ ಕೂತಿತು. ಕೆನ್ನೆ ತಾನಾಗಿ ಮರಕ್ಕೆ ಒರಗಿತು. ಮೌನಾಚಾರಿ ಜೇಬಿನಿಂದ ಒಂದು ರೂಪಾಯಿ ತೆಗೆದು ನಳಿಗೆಯ ಮೇಲಿಟ್ಟು ಎಣಿಸತೊಡಗಿದ. ಇಪ್ಪತ್ತಾಯಿತು, ಮೂವತ್ತಾಯಿತು. ನಲವತ್ತಕ್ಕೆ ಅವನಿಗೇ ಬೇಸರವಾಗಿ ನಾಣ್ಯ ತೆಗೆದುಕೊಂಡ. ಇಪ್ಪತ್ತೈದು ವರ್ಷ ಕುದಿಯುವ ಸುಣ್ಣದ ಮೇಲೆ ಕೋಲು ಹಿಡಿದ ತೋಳು. ಅದು ಅಲುಗಿದ್ದರೆ ನನ್ನ ಕಣ್ಣು ಎಂದೋ ಹೋಗಿರುತ್ತಿತ್ತು.

"ಮನೇಲಿ ಹೇಳಿ ಪುಟ್ಟೀರಕ್ಕ" ಎಂದ.

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ಆ ದಿನ ಸಂಜೆ ಬಾಯಿ ತೆರೆದೆ, ಅವರು "ಏನೇ?" ಎಂದರು, "ಉಪ್ಪು ಸರಿಯಾಗೈತಾ?" ಎಂದೆ. ಮಾರನೆಯ ದಿನ ಮತ್ತೆ ತೆರೆದೆ, ಅವರು ತಾವಾಗಿಯೇ, "ಈ ಸಲ ಹೊಸ ರೈಫಲ್ಲು, ಮೊದಲ್ನೇ ಗುಂಡಿಗೇ ಢಣ್ ಅನ್ನುಸ್ತೀನಿ ನೋಡು" ಎಂದರು. ಹಾಗೆಂದವರ ಮುಖ ನೋಡಿ ಹೇಗೆ ಹೇಳಲಿ? ಅಂಗಿಯ ವಿಷಯ ಹೇಳಬೇಕೆಂದರೆ ಅಂಗಡಿಗೆ ನಾನೇ ನಿಜವಾಗಿ ಯಾಕೆ ಹೋದೆ ಎಂದು ಹೇಳಬೇಕು. ಅದನ್ನು ಹೇಳಿದರೆ ಅರ್ಧ ಲೋಟದ ಕಾಫಿಯನ್ನೂ ಹೇಳಬೇಕು. ಹೀಗೆ ಎಳೆಯುತ್ತ ಹೋದರೆ ಒಂದು ವರ್ಷವೇ ಬಿಚ್ಚಿಕೊಳ್ಳುತ್ತಿತ್ತು. ಹೇಳದಿದ್ದರೆ ಮನೆ ಹೋಗುತ್ತದೆ, ಹೇಳಿದರೆ ಮನುಷ್ಯ ಹೋಗುತ್ತಾನೆ. ನಾನು ಎರಡರ ನಡುವೆ ನಾಲ್ಕು ದಿನವನ್ನೂ ಕಳೆದುಬಿಟ್ಟೆ. ಹೆದರಿಕೆ ನನ್ನ ಕೈಯನ್ನು ಬಿಟ್ಟು ಉಳಿದೆಲ್ಲವನ್ನೂ ನಡುಗಿಸಿತ್ತು.

ಸರದಿಯ ದಿನ ಏರಿಯ ಮೇಲೆ ಊರು ಸೇರಿತ್ತು. ಹೊಸ ರೈಫಲ್ ಎಂದರೆ ಜನ ಒಂದಿಷ್ಟು ಹೆಚ್ಚೇ. ನೆರಳು ಎಲ್ಲರ ಕಾಲಡಿಗೂ ಬಂದು ನಿಂತಿತು. ಸರದಿ ಕೂಗುವ ಓಬಳಯ್ಯ "ಸುಣ್ಣದ ಮರಿಸಿದ್ದಯ್ಯನ ಮನೆ" ಎಂದು ಕೂಗಿದ. ಮುಂದಿನ ಸರದಿಯವರು ತಮ್ಮ ರೈಫಲ್ ಹಿಡಿದು ಒಂದು ಪಕ್ಕದಲ್ಲಿ ನಿಂತಿದ್ದರು. ನಿಲ್ಲಲೇಬೇಕು, ಅದು ಅವರ ಕೆಲಸ. ಆದರೂ ನನಗೆ ಅವರನ್ನು ಕಂಡು ಮೈ ಉರಿಯಿತು.

ಮೌನಾಚಾರಿ ಅಂಗಿಯ ಗಂಟು ಬಿಚ್ಚಿ ನಮ್ಮವರ ಕೈಗೆ ಕೊಟ್ಟ. ಅವರು ತೋಳು ತೂರಿಸಿದರು. ತೋಳು ಮಣಿಕಟ್ಟಿಗೆ ಬರದೆ ಮೇಲೆಯೇ ನಿಂತಿತು, ಭುಜ ಬಿಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರು ತೋಳಿನ ತುದಿಯನ್ನು ಹಿಡಿದು ಒಳಗಿನ ಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದರು. ಆ ಹೊಲಿಗೆ ಯಾರದೆಂದು ಅವರಿಗೆ ಗೊತ್ತಾಗದಿರುತ್ತದೆಯೇ? ನನ್ನ ಕಡೆ ತಿರುಗಲಿಲ್ಲ. ಓಬಳಯ್ಯ, "ಅಂಗಿ ನಿಮ್ದೇನಪ್ಪ?" ಎಂದು ಕೇಳಿದ. ಅದು ಕೇಳಲೇಬೇಕಾದ ಮಾತು.

"ನಂದೇ" ಎಂದರು.

ಮೊದಲ ಗುಂಡು ಕೆರೆಯ ನಡುವೆ ನೀರು ಎಬ್ಬಿಸಿತು. ಗಿಡ್ಡ ಹಿಡಿಯಾದ್ದರಿಂದ ರೈಫಲ್ ಹಿಂದಕ್ಕೆ ಬಂದು ಅವರ ಮೂಗಿಗೆ ಬಡಿಯಿತು. ಎರಡನೆಯದಕ್ಕೆ ಎತ್ತಿದಾಗ ಕೈ ನಡುಗುವುದು ಊರಿಗೆಲ್ಲ ಕಂಡಿತು. ಯಾರೂ ಕಿಸಕ್ಕೆನ್ನಲಿಲ್ಲ. ಆ ಗುಂಡು ಎಲ್ಲಿಗೆ ಹೋಯಿತೋ ನೀರೂ ಏಳಲಿಲ್ಲ, ಮಣ್ಣೂ ಏಳಲಿಲ್ಲ. ಸೂರ್ಯ ನೆತ್ತಿಯ ಮೇಲೆ ಕೂತೇ ಇದ್ದ. ಮುಂದಿನ ಸರದಿಯವರು ತಮ್ಮ ರೈಫಲ್ಲಿಗೆ ತೋಟಾ ತುಂಬಿದ ಸದ್ದು ಕೇಳಿಸಿತು. ನನಗೆ ಗಾಣದ ಮನೆಯ ಎಮ್ಮೆ ನೆನಪಾಯಿತು.

ಅವರು ಮೂರನೆಯ ತೋಟಾ ಹಾಕಿದರು. ರೈಫಲ್ ಎತ್ತಿದರು. ಎತ್ತಿದ್ದನ್ನು ಇಳಿಸಿ, ನೆಲಕ್ಕೆ ಊರಿ ನಿಂತರು.

"ಓಬಳಯ್ಯ, ನಾನು ಸುಳ್ಳು ಹೇಳ್ದೆ. ಈ ಅಂಗಿ ನಂದಲ್ಲ" ಎಂದರು. ದನಿ ನಡುಗಲಿಲ್ಲ. "ನಮ್ಮನೆಯೋಳದು. ನೋಡಿ, ಒಳಗೆ ಅವಳ್ದೇ ಹೊಲಿಗೆ ಐತೆ. ನನ್ನ ಕೈ ಒಂದು ವರ್ಷದಿಂದ ಹಿಂಗೇ ನಡುಗ್ತೈತೆ. ರೈಫಲ್ಲು ಅವಳ್ದು."

ಓಬಳಯ್ಯ ಮೌನಾಚಾರಿಯ ಮುಖ ನೋಡಿದ. ಮೌನಾಚಾರಿ, "ಅಂಗಿ ಯಾರದೋ ರೈಫಲ್ ಅವರದು" ಎಂದಷ್ಟೇ ಹೇಳಿ ಸುಮ್ಮನಾದ. ಅವನು ಅಷ್ಟು ಚಿಕ್ಕ ಮಾತು ಆಡಿದ್ದನ್ನು ಊರು ಅದೇ ಮೊದಲು ಕೇಳಿದ್ದು. ಓಬಳಯ್ಯ ತಲೆಯಾಡಿಸಿದ.

ನಮ್ಮವರು ಅಂಗಿಯ ಗುಂಡಿ ಬಿಚ್ಚತೊಡಗಿದರು. ಬೆರಳು ನಿಲ್ಲದೆ ಗುಂಡಿ ಸಿಕ್ಕಲಿಲ್ಲ. ನಾನು ಹೋಗಿ ಬಿಚ್ಚಿದೆ, ಊರೆಲ್ಲ ನೋಡುತ್ತಿದ್ದ ಹಾಗೆಯೇ. ದಿನಾ ಸುಣ್ಣದ ಕೆಲಸಕ್ಕೆ ಇಳಿಯುವಾಗ ಹಾಕಿಕೊಳ್ಳುವಂತೆ ಸೀರೆಯ ಮೇಲೆ ಅಂಗಿ ಹಾಕಿಕೊಂಡೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಅದರಲ್ಲಿ ಅವರ ಬೆವರು ಇನ್ನೂ ಆರಿರಲಿಲ್ಲ. ರೈಫಲ್ ಭುಜಕ್ಕೆ ಬಂತು. ಜಾಗಟೆ ದೂರದಲ್ಲಿ ಒಂದು ಸುಣ್ಣದ ಹರಳಿನಷ್ಟಾಗಿ ಹೊಳೆಯಿತು. ಕುದಿಯುವ ಸುಣ್ಣದ ಮೇಲೆ ಕೋಲು ಹಿಡಿದಿದ್ದೇನೆ, ಉಸಿರು ಬಿಡಬಾರದು ಎಂದುಕೊಂಡೆ. ಬೆರಳು ಟ್ರಿಗರ್ ಒತ್ತಿತು.

ಢಣ್ ಎಂದದ್ದು ನನಗೆ ಕೇಳಿಸಲೇ ಇಲ್ಲ, ಕಿವಿ ಮುಚ್ಚಿಹೋಗಿತ್ತು. ನೆಲದ ಮೇಲೆ ಕಣ್ಣಿಟ್ಟಿದ್ದೆ. ನನ್ನ ನೆರಳು ಕಾಲಡಿಯಿಂದ ಒಂದಿಷ್ಟು ಹೊರಗೆ ಬಂತು. ಪಕ್ಕದಲ್ಲೇ ಅವರದೂ ಬಂತು, ಕೈಯ ಹತ್ತಿರ ನಡುಗುತ್ತಿತ್ತು.

ಮನೆಗೆ ಬರುವ ದಾರಿಯಲ್ಲಿ ಅವರು ಕುಂಟುವುದನ್ನು ಮರೆತು ನಡೆಯುತ್ತಿದ್ದರು. ಮನೆಗೆ ಬಂದಮೇಲೆ ರೈಫಲ್ಲನ್ನು ನಾನೇ ಗೂಟಕ್ಕೆ ಏರಿಸಿದೆ. ಅವರು ಊದಿದ ಮೂಗನ್ನು ಒದ್ದೆ ಬಟ್ಟೆಯಿಂದ ಒತ್ತಿಕೊಳ್ಳುತ್ತ ಕೇಳಿದರು.

"ಗೊತ್ತಿದ್ದೂ ನಿನ್ನ ಅಂಗಿ ತಗೊಂಡೋಗಿದ್ದಾ?"

"ಇಲ್ಲ. ದೇವರಾಣೆ ಇಲ್ಲ. ಹಗ್ಗದ ಮೇಲೆ ಒಂದೇ ಥರ ಇದ್ವು, ಗೊತ್ತಾಗಲಿಲ್ಲ."

ಅವರು ಬಟ್ಟೆಯನ್ನು ಮಡಿಸಿ ಮತ್ತೆ ಮೂಗಿಗೆ ಒತ್ತಿಕೊಂಡರು.

"ಗೊತ್ತಿದ್ದೇ ತಗೊಂಡೋಗಿದ್ರೆ ಚೆನ್ನಾಗಿತ್ತು" ಎಂದರು.

ಆ ಮಾತಿಗೆ ನನಗೆ ಅಳು ಬಂತು. ಒಲೆಯ ಕಡೆ ತಿರುಗಿ ಕಾಫಿಗೆ ಇಟ್ಟೆ. ಕಾಫಿಯಾದ ಮೇಲೆ ಲೋಟದ ತುಂಬ ಹಾಕಿ ಕೊಟ್ಟೆ. ಅವರು ಹಿತ್ತಿಲಿನ ಬಾಗಿಲು ನೋಡಿದರು, ಆಮೇಲೆ ಅಲ್ಲೇ ಮಣೆ ಎಳೆದುಕೊಂಡು ನನ್ನ ಎದುರಿಗೆ ಕೂತರು. ಲೋಟ ತುಟಿಗೆ ಹೋಗುವಷ್ಟರಲ್ಲಿ ಅರ್ಧ ಕಾಫಿ ನೆಲಕ್ಕೆ ಚೆಲ್ಲಿತು. ಒರೆಸಲು ನಾನೂ ಏಳಲಿಲ್ಲ, ಅವರೂ ಏಳು ಎನ್ನಲಿಲ್ಲ.